ಕಟ್ಟದ ಜೊತೆಗೆ ಕಟ್ಟಳೆಯೂ ಬೇಕು

ದೀಪಾವಳಿ ಮುಗಿದು ಕಾರ್ತಿಕದ ಇಬ್ಬನಿ ಬೀಳತೊಡಗಿದೆ. ಅಡಿಕೆ ಕೊಯ್ಲಿನ ಗಡಿಬಿಡಿ ಆರಂಭವಾಗಿದೆ, ಅರೇಬಿಕಾ ಹಣ್ಣಾಗುತ್ತಿದೆ. ಹಳ್ಳದಲ್ಲಿ ಇನ್ನೂ ಮೊಣಕಾಲುದ್ದ ನೀರು ಹರಿಯುತ್ತಿರುವ ಈ ದಿನಗಳಲ್ಲಿ ನೀರಿನ ಬರದ ಮಾತೆತ್ತಿದರೆ ಸದಸ್ಯ ಬಂಧುಗಳಿಗೆ ಅದು ಅಪಸ್ವರವೆನಿಸಬಹುದು. ಆದರೆ ಮಾತನಾಡಬೇಕಾದ ಕಾಲ ಇದೇ. ಮಾರ್ಚಿಯಲ್ಲಿ ಸಂಘದ ಕಚೇರಿಯ ಜಗಲಿಯಲ್ಲಿ ಕುಳಿತು ಆಕಾಶ ನೋಡುವವರಿಗೆ ಹೇಳಲು ನಮ್ಮಲ್ಲಿ ಸಮಾಧಾನದ ಮಾತಲ್ಲದೆ ಬೇರೇನೂ ಉಳಿದಿರುವುದಿಲ್ಲ. ನವೆಂಬರಿನಲ್ಲಾದರೆ ಮಾಡಬಹುದಾದ ಕೆಲಸವಿದೆ.

ಮೊದಲು ಸ್ವಲ್ಪ ಲೆಕ್ಕ ನೋಡೋಣ. ನಾವೆಲ್ಲ ಮಳೆಯನ್ನು ಇಂಚಿನಲ್ಲಿ ಅಳೆಯುವವರು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಹತ್ತಿರ ಹತ್ತಿರ 1 ಲಕ್ಷ 3 ಸಾವಿರ ಲೀಟರು ನೀರು. ವರ್ಷಕ್ಕೆ 100 ಇಂಚು ಮಳೆ ಬೀಳುವ ಕಡೆ ಪ್ರತಿ ಎಕರೆಗೂ ಆಕಾಶವು ಸುಮಾರು 1 ಕೋಟಿ 3 ಲಕ್ಷ ಲೀಟರು ಕೊಡುತ್ತದೆ. ಇನ್ನು ನಮ್ಮ ಅಗತ್ಯವೆಷ್ಟು? ಒಂಬತ್ತು ಅಡಿಗೊಂದರಂತೆ ಹಾಕಿದ ತೋಟದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರು ಸಾಕೆಂದು ತಜ್ಞರ ಶಿಫಾರಸು. 18 ಲೀಟರೆಂದು ಹಿಡಿದು 150 ದಿನ ಕೊಟ್ಟರೂ ಎಕರೆಗೆ 15 ಲಕ್ಷ ಲೀಟರು ದಾಟುವುದಿಲ್ಲ. ರೊಬಸ್ಟಾ ಕಾಫಿಗೆ ಹೂವಿಗೊಂದು ಇಂಚು, ಹೂವಾದ 15-20 ದಿನಗಳೊಳಗೆ ಬೆಂಬಲವಾಗಿ ಇನ್ನೊಂದು ಇಂಚು ಎಂದರೆ 2 ಲಕ್ಷ ಚಿಲ್ಲರೆ. ಅಂದರೆ ಬಿದ್ದ ಮಳೆಯಲ್ಲಿ ಅಡಿಕೆ ಕೇಳುವುದು ಏಳರಲ್ಲೊಂದು ಪಾಲು, ಕಾಫಿ ಕೇಳುವುದು ಐವತ್ತರಲ್ಲೊಂದು ಪಾಲು. ಇಷ್ಟನ್ನೂ ಉಳಿಸಿಕೊಳ್ಳಲಾರದೆ ಫೆಬ್ರವರಿಯಲ್ಲಿ ಬರಗಾಲವೆಂದು ಹಲುಬುವ ನಮ್ಮನ್ನು ಬಯಲುಸೀಮೆಯ ರೈತ ನೋಡಿದರೆ ಏನೆಂದಾನು?

ನೀರು ಎಲ್ಲಿಗೆ ಹೋಗುತ್ತದೆಂಬುದು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ನಾವು ಪದವಿ ಮುಗಿಸಿ ಊರಿಗೆ ಬಂದ ಕಾಲಕ್ಕೆ ನಮ್ಮ ಮನೆಯ ಕೆಳಗಿನ ಕಣಿವೆಯೆಲ್ಲ ಗದ್ದೆಯಾಗಿತ್ತು. ಜೂನಿನಿಂದ ನವೆಂಬರಿನವರೆಗೆ ಬದುವಿನ ಒಳಗೆ ನೀರು ನಿಂತು, ಅಲ್ಲಿಂದ ಮೆಲ್ಲಗೆ ನೆಲಕ್ಕಿಳಿಯುತ್ತಿತ್ತು. ಇಂದು ಅದೇ ಗದ್ದೆ ಅಡಿಕೆ ತೋಟ. ಅಡಿಕೆಯ ಬೇರು ಕೊಳೆಯಬಾರದೆಂದು ಆಳವಾದ ಬಸಿಗಾಲುವೆ ತೆಗೆದಿದ್ದೇವೆ. ಆ ಕಾಲುವೆ ಮಳೆಗಾಲದ ನೀರನ್ನು ಗಂಟೆಗಳೊಳಗೆ ಹಳ್ಳಕ್ಕೆ ಸಾಗಹಾಕುತ್ತದೆ. ನೀರು ನಿಲ್ಲಿಸುತ್ತಿದ್ದ ಜಾಗವನ್ನು ನೀರು ಓಡಿಸುವ ಜಾಗವನ್ನಾಗಿ ಮಾಡಿದವರು ನಾವೇ. ಭತ್ತದ ಬೆಲೆ ಹೊಟ್ಟೆ ತುಂಬಿಸದ ಕಾರಣ ಮಾಡಿದೆವೆಂಬುದು ನಿಜ. ಯಾರನ್ನೂ ದೂರುವುದಕ್ಕಾಗಿ ಹೇಳುತ್ತಿಲ್ಲ. ಆದರೆ ಮಾಡಿದ್ದರ ಫಲ ಮಾತ್ರ ನಮ್ಮ ಹಳ್ಳದಲ್ಲಿ ಕಾಣುತ್ತಿದೆ. ಮೇಲಿನ ಕಾನು ತೆಳುವಾಯಿತು, ಸೊಪ್ಪಿನ ಬೆಟ್ಟದ ದರಗನ್ನು ಗುಡಿಸಿ ತಂದೆವು, ಹಳೆಯ ತೊಟ್ಟಿಲು ಗುಂಡಿಗಳು ಹೂಳು ತುಂಬಿ ಮುಚ್ಚಿದವು. ಆಳಿನ ಕೊರತೆಯಿಂದ ಅವನ್ನು ಮತ್ತೆ ತೆಗೆಸಲಿಲ್ಲ.

ಮಳೆಯ ರೀತಿಯೂ ಬದಲಾಗಿದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳೇ ಜಾರುವಂತೆ ಸುರಿಯಿತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಬೇಕಾಯಿತು. ಹೆಚ್ಚು ಮಳೆಯಾದ ವರ್ಷವೂ ಬೇಸಿಗೆಯಲ್ಲಿ ನೀರಿರುತ್ತದೆಂಬ ಭರವಸೆ ಇಲ್ಲ. ನಾಲ್ಕು ದಿನದಲ್ಲಿ ಸುರಿದ ಮೂವತ್ತು ಇಂಚು ಮಳೆ ಸಮುದ್ರ ಸೇರುತ್ತದೆ. ಒಂದು ತಿಂಗಳು ಜಿನುಗಿದ ಮೂವತ್ತು ಇಂಚು ಬಾವಿ ಸೇರುತ್ತದೆ.

ಇದಕ್ಕೆಲ್ಲ ನಾವು ಕಂಡುಕೊಂಡ ಪರಿಹಾರ ಕೊಳವೆ ಬಾವಿ. ಈ ವಿಷಯದಲ್ಲಿ ಅನ್ಯರನ್ನು ಆಡುವ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುವುದು ಲೇಸು. ನಮ್ಮ ತೋಟದಲ್ಲಿ ಮೊದಲ ಕೊಳವೆ ಬಾವಿ ತೆಗೆಸಿದ್ದು 2004ರಲ್ಲಿ. ಅದು 2017ರ ಬೇಸಿಗೆಯಲ್ಲಿ ಒಣಗಿತು. ಅದರ ಪಕ್ಕದಲ್ಲೇ ಇನ್ನೂ ಆಳವಾಗಿ ಎರಡನೆಯದನ್ನು ಕೊರೆಸಿದೆವು. ನೀರು ಬಂತು, ಜೊತೆಗೆ ಕೆಳಗಿನ ಮನೆಯವರ ತೆರೆದ ಬಾವಿ ಅದೇ ವರ್ಷ ತಳ ಕಂಡಿತು. ಕಾರಣವೇನೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ನೆಲದ ಆಳದಲ್ಲಿ ಕೆರೆಯೇನೂ ಇಲ್ಲವೆಂಬುದನ್ನು ಓದಿಕೊಂಡವರಾದ ನಾವಾದರೂ ತಿಳಿದಿರಬೇಕಿತ್ತು. ನಮ್ಮ ನೆಲದಲ್ಲಿ ಮೇಲೆ ಜಂಬಿಟ್ಟಿಗೆಯ ಪದರ, ಅದರ ಕೆಳಗೆ ಗಟ್ಟಿ ಬಂಡೆ. ಬಂಡೆಯ ಬಿರುಕಿನಲ್ಲಿರುವಷ್ಟೇ ನೀರು. ಬಿರುಕು ಬೇಲಿಯ ಗುರುತು ನೋಡಿ ಹರಿಯುವುದಿಲ್ಲ. ನಾನು ಎರಡು ನೂರು ಅಡಿಯಲ್ಲಿ ಎಳೆದದ್ದನ್ನು ನೆರೆಯವನು ನಾಲ್ಕು ನೂರು ಅಡಿಯಲ್ಲಿ ಎಳೆದರೆ, ಇಬ್ಬರೂ ಎಳೆದದ್ದು ಒಂದೇ ಬೊಗಸೆಯ ನೀರನ್ನು. ಹೀಗೆ ಸಾಲ ಇಬ್ಬರ ಹೆಸರಿನಲ್ಲಿ, ನೀರು ಯಾರ ಹೆಸರಿನಲ್ಲೂ ಇಲ್ಲ. ಆ ಸಾಲದ ಕಡತಗಳಲ್ಲಿ ಹಲವಕ್ಕೆ ಕಾರ್ಯದರ್ಶಿಯೆಂದು ರುಜು ಹಾಕಿದವರೂ ನಾವೇ.

ಹಳ್ಳದ ಪಾಡೂ ಇದೇ. ಹತ್ತು ಮಂದಿ ಬೆಳೆಗಾರರು, ತಲಾ ಹತ್ತು ಎಕರೆ ರೊಬಸ್ಟಾ. ಮೊಗ್ಗು ಬಲಿತ ಒಂದೇ ವಾರದಲ್ಲಿ ಎಲ್ಲರಿಗೂ ಹೂವಿನ ನೀರು ಬೇಕು. ನೂರು ಎಕರೆಗೆ ಒಂದು ಇಂಚೆಂದರೆ 1 ಕೋಟಿ ಲೀಟರು ಮೀರುತ್ತದೆ. ಸೆಕೆಂಡಿಗೆ 10 ಲೀಟರು ಹರಿಯುವ ಹಳ್ಳ ದಿನವೊಂದಕ್ಕೆ ಕೊಡುವುದು 8 ಲಕ್ಷ 64 ಸಾವಿರ ಲೀಟರು. ಅಂದರೆ ಹನ್ನೆರಡು ದಿನ ಹಗಲಿರುಳು ಆ ಹಳ್ಳವನ್ನು ಒಂದು ತಂಬಿಗೆಯೂ ಉಳಿಯದಂತೆ ಹೀರಬೇಕು. ಹಾಗೆಯೇ ಹೀರುತ್ತಿದ್ದೇವೆ. ಕಳೆದೊಂದು ಬೇಸಿಗೆಯಲ್ಲಿ ನಮ್ಮ ತೋಟದ ಕೆಳಗಿನ ಕೇರಿಯ ಹಿರಿಯ ಹೆಂಗಸೊಬ್ಬರು ಕೊಡ ಹಿಡಿದು ನಿಂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಅಯ್ಯಾ, ನಿಮ್ ತೋಟದಲ್ಲಿ ಜೆಟ್ಟು ತಿರುಗಿದ್ ದಿನ ನಮ್ ಬಾವೀಲಿ ಕೊಡ ಮುಳುಗಲ್ಲ.” ಅವರು ಬೈಯಲಿಲ್ಲ. ಬೈದಿದ್ದರೆ ನಮಗೆ ಉತ್ತರ ಕೊಡುವುದು ಸುಲಭವಿತ್ತು.

ಹಾಗಾದರೆ ದಾರಿಯಿಲ್ಲವೇ? ಇದೆ, ಅದನ್ನು ದೂರದಿಂದ ತರಬೇಕಾಗಿಯೂ ಇಲ್ಲ. ಘಟ್ಟದ ಕೆಳಗಿನ ನಮ್ಮ ಅಡಿಕೆ ಬಂಧುಗಳು ದಕ್ಷಿಣ ಕನ್ನಡ ಮತ್ತು ಕಾಸರಗೋಡಿನಲ್ಲಿ ತಲೆಮಾರುಗಳಿಂದ ‘ಕಟ್ಟ’ ಕಟ್ಟಿಕೊಂಡು ಬಂದಿದ್ದಾರೆ. ಮಳೆ ನಿಂತು ಹಳ್ಳದ ರಭಸ ಇಳಿದ ಮೇಲೆ, ನವೆಂಬರಿನಿಂದ ಜನವರಿಯೊಳಗೆ, ಕಲ್ಲು ಮಣ್ಣಿನಿಂದ ಅಡ್ಡಗೋಡೆ ಹಾಕಿ ನೀರು ನಿಲ್ಲಿಸುವುದು. ಮುಂದಿನ ಮುಂಗಾರಿನ ಪ್ರವಾಹಕ್ಕೆ ಅದು ಕೊಚ್ಚಿಹೋಗುವುದು. ಮರುವರ್ಷ ಮತ್ತೆ ಕಟ್ಟುವುದು. ಕಾಸರಗೋಡಿನ ಏತಡ್ಕದಂಥ ಊರಿನಲ್ಲಿ ಒಂದೇ ಹಳ್ಳಕ್ಕೆ ಸಾಲು ಸಾಲಾಗಿ ಕಟ್ಟಗಳಿವೆ. ಒಂದರ ನೀರಿನ ಬಾಲ ಮೇಲಿನದರ ಬುಡ ಮುಟ್ಟುವಂತೆ ಕಟ್ಟಿದರೆ ಹಳ್ಳವೇ ಉದ್ದನೆಯ ಕೆರೆಯಾಗುತ್ತದೆ. ಎರಡೂ ದಡದ ಬಾವಿಗಳ ಮಟ್ಟ ಏರುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಒಂಟಿ ಕಟ್ಟದಿಂದ ಹೆಚ್ಚು ಪ್ರಯೋಜನವಿಲ್ಲ. ಮೇಲಿನವನು ಕಟ್ಟದೆ ಬಿಟ್ಟರೆ ಕೆಳಗಿನವನ ನೀರು ಬೇಗ ಸೋರುತ್ತದೆ. ಪಂಪು ಬಂದ ಮೇಲೆ, ಆಳು ದುಬಾರಿಯಾದ ಮೇಲೆ ಒಬ್ಬೊಬ್ಬರೇ ಕೈಬಿಟ್ಟರು. ಕೊನೆಗೆ ಸರಪಳಿಯೇ ಕಳಚಿತು. ಕಟ್ಟ ಹೋದ ಕಡೆಗಳಲ್ಲಿ ಮೊದಲು ಹೋದದ್ದು ಕಲ್ಲು ಮಣ್ಣಲ್ಲ, ಒಟ್ಟಾಗಿ ಕಟ್ಟುವ ರೂಢಿ.

ಅದೇ ಸೀಮೆಯ ಸುರಂಗವನ್ನೂ ನೆನೆಯಬೇಕು. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡಿಕೊಂಡಿದ್ದವರು. ಬೋಳು ಗುಡ್ಡದ ಇಳಿಜಾರಿನಲ್ಲಿ ಒಬ್ಬರೇ ಸುರಂಗ ತೋಡುತ್ತ ಹೋದರು. ಹಲವು ಸುರಂಗಗಳು ನೀರು ಕೊಡದಿದ್ದರೂ ಬಿಡದೆ ಕೊನೆಗೆ ನೀರು ಕಂಡು, ಆ ಗುಡ್ಡದಲ್ಲಿ ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರ ಛಲ ದೊಡ್ಡದು. ಆದರೆ ಹಾರೆ ಹಿಡಿದ ಒಬ್ಬ ಮನುಷ್ಯ ನೆಲದಿಂದ ಪಡೆಯುವುದು ಜಿನುಗಿ ಬಂದಷ್ಟನ್ನು ಮಾತ್ರ. ನಾವು ಯಂತ್ರ ಹಿಡಿದವರು. ಯಂತ್ರಕ್ಕೆ ಸಾಕೆಂಬುದು ಗೊತ್ತಿಲ್ಲ. ಆದ್ದರಿಂದ ಸಾಕೆನ್ನುವ ಕೆಲಸವನ್ನು ಊರೇ ವಹಿಸಿಕೊಳ್ಳಬೇಕು.

ಹಾಗೆ ಊರೇ ವಹಿಸಿಕೊಂಡ ಉದಾಹರಣೆಗಳುಂಟು. ಮಹಾರಾಷ್ಟ್ರದ ಅಹಮದ್‌ನಗರ, ಈಗಿನ ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಜಾರ್ ನಮ್ಮಲ್ಲಿ ಒಂದು ತಿಂಗಳಿಗೆ ಬೀಳುವಷ್ಟು ಮಳೆಯೂ ವರ್ಷವಿಡೀ ಬೀಳದ ಊರು. 1989ರಲ್ಲಿ ಪೋಪಟ್‌ರಾವ್ ಪವಾರರು ಸರಪಂಚರಾದ ಮೇಲೆ ಊರವರು ಶ್ರಮದಾನದಿಂದ ಗುಡ್ಡಕ್ಕೆ ಬದು ಹಾಕಿದರು, ಒಡ್ಡು ಕಟ್ಟಿದರು. ಅಷ್ಟಕ್ಕೇ ನಿಂತಿದ್ದರೆ ಅದು ಹತ್ತರಲ್ಲಿ ಹನ್ನೊಂದನೆಯ ಊರಾಗುತ್ತಿತ್ತು. ಅವರು ಕಟ್ಟಳೆಯನ್ನೂ ಮಾಡಿಕೊಂಡರು: ಬೇಸಾಯಕ್ಕೆ ಕೊಳವೆ ಬಾವಿ ಕೂಡದು, ಕಬ್ಬಿನಂಥ ನೀರುಬಾಕ ಬೆಳೆ ಕೂಡದು, ಪ್ರತಿ ವರ್ಷ ಮಳೆಯ ಲೆಕ್ಕ ಹಾಕಿ ಅದಕ್ಕೆ ತಕ್ಕ ಬೆಳೆಯನ್ನು ಗ್ರಾಮಸಭೆಯಲ್ಲೇ ತೀರ್ಮಾನಿಸಬೇಕು. ರಾಜಸ್ಥಾನದ ಅಲ್ವಾರ್ ಸೀಮೆಯಲ್ಲಿ 1985ರಲ್ಲಿ ಗೋಪಾಲಪುರದ ಹಳೆಯ ಜೋಹಡ್ ಕೆರೆಯಿಂದ ಆರಂಭವಾದ ಕೆಲಸ ಬತ್ತಿದ ಅರ್ವರಿ ಹೊಳೆಯನ್ನು ಮತ್ತೆ ಹರಿಸಿತು. ಹೊಳೆ ಹರಿದ ಕೂಡಲೇ ನೀರಿಗಾಗಿ ಎಳೆದಾಟ ಶುರುವಾಗಬಾರದೆಂದು ದಡದ ಹಳ್ಳಿಗಳವರು ಸೇರಿ ಹೊಳೆಯದೇ ಒಂದು ಸಂಸತ್ತು ಮಾಡಿಕೊಂಡರು. ಈ ಕೆಲಸದ ಮುಂದಾಳು ರಾಜೇಂದ್ರ ಸಿಂಗರಿಗೆ 2001ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ನೀರು ಕಡಿಮೆ ಇದ್ದವರು ಕಟ್ಟಳೆ ಮಾಡಿಕೊಂಡು ಬದುಕಿದರು. ನಾವು ನೀರು ಹೆಚ್ಚಿದ್ದವರು. ಅದಕ್ಕೇ ಕಟ್ಟಳೆಯ ಅಭ್ಯಾಸವೇ ಆಗಲಿಲ್ಲ.

“ಇದೆಲ್ಲ ಸರ್ಕಾರದ ಕೆಲಸ” ಎನ್ನುವವರಿಗೆ ಒಂದು ಮಾತು. ಸರ್ಕಾರ ಕಿಂಡಿ ಅಣೆಕಟ್ಟು ಕಟ್ಟಿಸಿಕೊಡುತ್ತದೆ. ಮಳೆ ನಿಂತ ಮೇಲೆ ಕಿಂಡಿಗೆ ಹಲಗೆ ಹಾಕಿ, ಮುಂಗಾರಿಗೆ ಮುಂಚೆ ತೆಗೆಯಬೇಕು. ಹಲಗೆ ಹಾಕದೆ ಕಿಂಡಿಗಳು ಬಾಯಿ ತೆರೆದುಕೊಂಡು ನಿಂತ ಅಣೆಕಟ್ಟುಗಳನ್ನು ನಾವೆಲ್ಲ ನೋಡಿದ್ದೇವೆ. ಕಾಂಕ್ರೀಟು ಸರ್ಕಾರದ್ದಾದರೂ ಹಲಗೆ ಹಾಕುವ ಕೈ ಊರಿನದೇ ಆಗಬೇಕು. “ಆಳಿಲ್ಲ” ಎನ್ನುವವರಿಗೆ ಇನ್ನೊಂದು ಮಾತು. ಗೊಬ್ಬರದ ಖಾಲಿ ಚೀಲ, ಮಣ್ಣು, ಒಂದು ಪ್ಲಾಸ್ಟಿಕ್ ಹಾಳೆ ಇದ್ದರೆ ಹತ್ತು ಮಂದಿ ಒಂದು ಬೆಳಗ್ಗೆ ಸಣ್ಣ ಹಳ್ಳಕ್ಕೊಂದು ಕಟ್ಟ ಹಾಕಬಹುದು. ಪ್ರತಿ ಮನೆಯಿಂದ ವರ್ಷಕ್ಕೆರಡು ದಿನ ಸಿಗಲಾರದೇ?

ಎಚ್ಚರಿಕೆಯ ಮಾತೊಂದನ್ನೂ ಇಲ್ಲಿ ಸೇರಿಸಬೇಕು. ನೀರಿಂಗಿಸುವ ಉತ್ಸಾಹದಲ್ಲಿ ಕಡಿದಾದ ಗುಡ್ಡದ ಮೇಲೆ ಎಲ್ಲೆಂದರಲ್ಲಿ ಯಂತ್ರದಿಂದ ಅಗಳು ತೋಡುವುದು ಸಲ್ಲದು. ಆಳವಾದ ಮಣ್ಣಿನ ಕಡಿದಾದ ಇಳಿಜಾರಿನಲ್ಲಿ ನೀರು ನಿಲ್ಲಿಸಿದರೆ ಮಣ್ಣು ನೆನೆದು ಜಾರುವ ಅಪಾಯವಿದೆ. 2024ರ ಜುಲೈಯಲ್ಲಿ ವಯನಾಡಿನಲ್ಲಿ ಆದದ್ದನ್ನು ಕಂಡ ಮೇಲೂ ಗುಡ್ಡದೊಡನೆ ಸರಸ ಬೇಡ. ಅಲ್ಲಿ ಮರ, ದರಗು, ಹುಲ್ಲಿನ ಹೊದಿಕೆಯೇ ಸಾಕು. ಗುಂಡಿ ಏನಿದ್ದರೂ ಮೆಲು ಇಳಿಜಾರಿಗೆ, ಕಟ್ಟ ಹಳ್ಳಕ್ಕೆ, ಕೆರೆ ತಗ್ಗಿಗೆ.

ಈಗ ನಮ್ಮ ಸೂಚನೆಗಳು. ಇವನ್ನು ಆಡಳಿತ ಮಂಡಳಿಯ ಮುಂದೆ ಇಟ್ಟಾಗಿದೆ. ನಿರ್ದೇಶಕರೆಲ್ಲರೂ ಒಪ್ಪಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ಸಂಘದ ಮಾತೆಂದು ಭಾವಿಸದೆ ನಮ್ಮ ಸ್ವಂತ ಅಭಿಪ್ರಾಯವೆಂದೇ ಸದಸ್ಯರು ಓದಬೇಕು.

ಒಂದನೆಯದು, ಹಳ್ಳಕ್ಕೊಂದು ಕೂಟ. ಹಳ್ಳದ ತಲೆಯಿಂದ ಹೊಳೆ ಸೇರುವ ತನಕ ಅದರ ನೀರನ್ನು ಬಳಸುವ ಎಲ್ಲ ಮನೆಯವರೂ ಅದರಲ್ಲಿರಬೇಕು. ತೋಟದ ಪಹಣಿ ಉಳ್ಳವರಷ್ಟೇ ಸಾಲದು. ಲೈನ್ ಮನೆಯವರೂ ಕೇರಿಯವರೂ, ಮುಖ್ಯವಾಗಿ ಕೊಡ ಹೊರುವ ಹೆಂಗಸರೂ ಇರಬೇಕು. ನೀರಿಲ್ಲವೆಂಬುದು ಮೊದಲು ಗೊತ್ತಾಗುವುದು ಅವರಿಗೆ.

ಎರಡನೆಯದು, ಗುರುತು ಕಲ್ಲು. ಹಳ್ಳದ ಒಂದು ಕಡೆ ಕಲ್ಲು ನೆಟ್ಟು ಗೆರೆ ಹಾಕಬೇಕು. ನೀರು ಆ ಗೆರೆಗಿಂತ ಕೆಳಗಿಳಿದ ದಿನ ತೋಟದ ಪಂಪುಗಳೆಲ್ಲ ನಿಲ್ಲಬೇಕು. ಗೆರೆ ಎಲ್ಲಿರಬೇಕೆಂದು ಕೂಟ ತೀರ್ಮಾನಿಸಲಿ. ಹಾಕಿದ ಮೇಲೆ ದೊಡ್ಡ ತೋಟಕ್ಕೂ ಸಣ್ಣ ತೋಟಕ್ಕೂ ಗೆರೆ ಒಂದೇ.

ಮೂರನೆಯದು, ಮುಂಚೆಯೇ ತುಂಬಿಕೊಳ್ಳುವುದು. ಫೆಬ್ರವರಿಯ ಹಳ್ಳದಿಂದ ಎಳೆಯುವ ಬದಲು ನವೆಂಬರಿನಿಂದ ಜನವರಿಯವರೆಗಿನ ಹೆಚ್ಚುವರಿ ನೀರನ್ನು ಸರದಿಯಂತೆ ಕೆರೆಗೆ ತುಂಬಿಕೊಳ್ಳಬೇಕು. ಹತ್ತು ಎಕರೆ ಕಾಫಿಗೆ ಎರಡು ಇಂಚು ಕೊಡಲು 100 ಅಡಿ ಉದ್ದ, 80 ಅಡಿ ಅಗಲ, 9 ಅಡಿ ಆಳದಷ್ಟು ನೀರು ಸಾಕು. ಸೋರುವುದಕ್ಕೂ ಆವಿಯಾಗುವುದಕ್ಕೂ ಒಂದಿಷ್ಟು ಹೆಚ್ಚಿಗೆ ಇಟ್ಟುಕೊಂಡರಾಯಿತು. ಎರಡು ಮೂರು ಎಕರೆಯವರು ನೆರೆಹೊರೆಯವರೊಡನೆ ಸೇರಿ ಒಂದೇ ಕೆರೆ ಮಾಡಿಕೊಳ್ಳಬಹುದು. ಅಣ್ಣತಮ್ಮಂದಿರಿಗೆ ಪಾಲಾದ ತೋಟಗಳಲ್ಲಿ ಇದು ಕಷ್ಟವೆಂಬುದು ಗೊತ್ತು. ಆದರೆ ಒಂದು ಕೆರೆಗಾಗಿ ಮಾತು ಬಿಟ್ಟವರು ಮಾತಾಡಿದರೆ ಅದೂ ಲಾಭವೇ.

ನಾಲ್ಕನೆಯದು, ಪಲ್ಪರ್ ನೀರು. ಡಿಸೆಂಬರು ಜನವರಿಯಲ್ಲಿ ಹಳ್ಳ ತೆಳುವಾಗುವ ಹೊತ್ತಿಗೇ ಪಲ್ಪರ್ ಮನೆಯ ಕೊಳೆನೀರು ಅದಕ್ಕೆ ಸೇರುತ್ತದೆ. ನೀರು ಉಳಿಸಿ ಅದನ್ನು ಕುಡಿಯಲಾಗದಂತೆ ಮಾಡಿದರೆ ಉಳಿಸಿದ್ದು ಯಾರಿಗಾಗಿ? ಕೊಳೆನೀರನ್ನು ಗುಂಡಿಯಲ್ಲಿ ನಿಲ್ಲಿಸಿ, ಶುದ್ಧಿ ಮಾಡದೆ ಹಳ್ಳಕ್ಕೆ ಬಿಡಬಾರದು.

ಐದನೆಯದೇ ವಾದ ಎಬ್ಬಿಸಿರುವ ಸೂಚನೆ. ಹಳ್ಳದ ಕೂಟದ ಒಪ್ಪಿಗೆ ಪತ್ರವಿಲ್ಲದೆ ಹೊಸ ಕೊಳವೆ ಬಾವಿಗೆ ನಮ್ಮ ಸಂಘ ಸಾಲ ಕೊಡಬಾರದು. ಆ ಹಣವನ್ನು ಕೆರೆಗೆ, ಕಟ್ಟಕ್ಕೆ, ಹನಿ ನೀರಾವರಿಗೆ ಮೊದಲು ಕೊಡಬೇಕು. “ಇಲ್ಲಿ ಕೊಡದಿದ್ದರೆ ಸದಸ್ಯ ಬೇರೆ ಬ್ಯಾಂಕಿಗೆ ಹೋಗುತ್ತಾನೆ, ಸಂಘಕ್ಕೆ ವ್ಯವಹಾರ ನಷ್ಟ” ಎಂಬುದು ಆಕ್ಷೇಪ. ಹೋಗಬಹುದು. ಆದರೆ ಒಬ್ಬ ಸದಸ್ಯನ ಬಾವಿ ಒಣಗಿಸಲು ಇನ್ನೊಬ್ಬ ಸದಸ್ಯನಿಗೆ, ಇಬ್ಬರೂ ಇಟ್ಟ ಷೇರು ಹಣದಿಂದಲೇ ಸಾಲ ಕೊಡುವುದಕ್ಕೆ ಸಹಕಾರವೆಂಬ ಹೆಸರು ಒಪ್ಪುವುದಿಲ್ಲ. “ಕೂಟದಲ್ಲಿ ಆಗದವರು ಬೇಕೆಂದೇ ಒಪ್ಪಿಗೆ ತಡೆದರೆ?” ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದಕ್ಕಾಗಿ ಸಂಘದ ಮುಂದೆ ಮೇಲ್ಮನವಿಗೆ ಅವಕಾಶವಿರಲಿ. ಕುಡಿಯುವ ನೀರೇ ಇಲ್ಲದ ಮನೆಗೆ ಈ ಕಟ್ಟಳೆ ಬೇಡ. ಇನ್ನೂ ಒಳ್ಳೆಯ ಉಪಾಯ ಯಾರಿಗಾದರೂ ತೋಚಿದರೆ ಸಭೆಯಲ್ಲಿ ಹೇಳಲಿ, ಸಂತೋಷದಿಂದ ತಿದ್ದಿಕೊಳ್ಳುತ್ತೇವೆ.

ಹೇಳುವವರು ಮೊದಲು ಮಾಡಬೇಕೆಂಬ ಮಾತು ಬಂದೇ ಬರುತ್ತದೆ, ಬರಲಿ. ನಮ್ಮ ಹಳ್ಳದಲ್ಲಿ ಗುರುತು ಕಲ್ಲು ನೆಡುವ ಜಾಗವನ್ನು ಆ ಹಿರಿಯ ಹೆಂಗಸಿನ ಕೇರಿಯವರೇ ತೋರಿಸಲೆಂದು ಕೇಳಿಕೊಂಡಿದ್ದೇವೆ. ನೀರು ಗೆರೆ ಬಿಟ್ಟ ದಿನ ಮೊದಲು ನಿಲ್ಲುವ ಪಂಪು ನಮ್ಮದು. ಹೂವಿಗೆ ನೀರು ಸಾಲದೆ ಒಂದು ವರ್ಷ ಫಸಲು ಕುಗ್ಗಿದರೆ ಆ ನಷ್ಟವೂ ನಮ್ಮದೇ. ಹೆದರಿಕೆ ಇಲ್ಲವೆಂದಲ್ಲ, ಮನೆಯವರಿಗೆ ನಮಗಿಂತ ಹೆಚ್ಚು ಹೆದರಿಕೆಯಿದೆ.

ಜನವರಿಯ ವಿಶೇಷ ಸಭೆಯಲ್ಲಿ ಈ ಐದೂ ಸೂಚನೆಗಳು ಚರ್ಚೆಗೆ ಬರುತ್ತವೆ. ಆದರೆ ಕಟ್ಟ ಹಾಕುವುದಕ್ಕೆ ಸಭೆಯ ನಿರ್ಣಯ ಬೇಕಿಲ್ಲ, ಜನವರಿಯವರೆಗೆ ಕಾಯುವ ಹಾಗೂ ಇಲ್ಲ. ಗೊಬ್ಬರದ ಖಾಲಿ ಚೀಲಗಳನ್ನು ಈ ವರ್ಷ ಮಾರಬೇಡಿ, ಎತ್ತಿಡಿ. ಕೊಯ್ಲಿಗೆ ಬಿಡುವಿರುವ ಒಂದು ಭಾನುವಾರ ನೋಡಿ ನಿಮ್ಮ ಮೇಲಿನ ಮನೆಗೂ ಕೆಳಗಿನ ಮನೆಗೂ ಹೋಗಿ ಕರೆಯಿರಿ. ಮೇಲಿನವರು ಬಾರದಿದ್ದರೆ ಕೆಳಗಿನವರನ್ನಾದರೂ ಕಟ್ಟಿಕೊಂಡು ಹಳ್ಳಕ್ಕಿಳಿಯಿರಿ. ನೀರು ಈಗ ಅಲ್ಲಿದೆ. ಇನ್ನೆರಡು ತಿಂಗಳಲ್ಲಿ ಇರುವುದಿಲ್ಲ.

— ಕಾರ್ಯದರ್ಶಿ